ಕೈಗವಸಿನ ಯುವರಾಜ

ಟೈಲರ್ ಅಂಗಡಿಯ ಮೇಲಿನ ಮನೆ,
ಮಾರ್ಚ್ ೪, ಮಂಗಳವಾರ

ಪ್ರೀತಿಯ ಗುಬ್ಬಿ,

ಕೆಮ್ಮು ಹೇಗಿದೆ? ಹಾಸ್ಟೆಲ್ ಬಿಟ್ಟು ಒಂಟಿ ರೂಮು ಹಿಡಿದಿದ್ದೀಯಂತೆ, ಬಾಗಿಲಿಗೆ ಒಳಗಿನಿಂದ ಎರಡು ಚಿಲಕ ಇದೆಯಾ? ಸ್ಟೌ ಆರಿಸಿದ ಮೇಲೆ ಇನ್ನೊಂದು ಸಲ ನೋಡು. ನೋಡಿ ಬಂದು ಮಲಗಿದ ಮೇಲೂ ಒಂದು ಸಲ ಎದ್ದು ನೋಡು. ಇಷ್ಟನ್ನು ಮೊದಲೇ ಬರೆದೆ, ಯಾಕೆಂದರೆ ಇನ್ನು ಮುಂದೆ ಇರೋದೆಲ್ಲ ಬೈಗುಳ. ಕೂತು ಓದು.

ಇವರನ್ನು ದೂರದ ಕಾರ್ಖಾನೆಗೆ ವರ್ಗ ಮಾಡಿದ್ದಾರೆ, ಬರುವ ವಾರ ಶುಕ್ರವಾರ ಹೊರಡಬೇಕು. ಅದೇ ಬಾಯ್ಲರ್ ನೋಡುವ ಕೆಲಸ, ಊರು ಮಾತ್ರ ಬೇರೆ. ನನಗೆ ಹೇಳಿದ್ದು ಎರಡೇ ಪದ, "ಸಾಮಾನು ಕಟ್ಟು." ಬರ್ತೀಯಾ ಅಂತಿಲ್ಲ, ಗುಂಡಿಗೆ ಕಾಜಾ ಹೊಲಿಯೋ ನಿನ್ನ ಕೆಲಸ ಏನಾಗುತ್ತೆ ಅಂತಿಲ್ಲ. ಹನ್ನೊಂದು ವರ್ಷದಲ್ಲಿ ಇವರು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ನನ್ನ ಹೆಸರು ಬದಲಾಯಿಸು. ಹೊಡೆಯೋದಿಲ್ಲ, ಕುಡಿಯೋದಿಲ್ಲ ಅಂತ ಎಲ್ಲರೂ ಹೊಗಳುತ್ತಾರೆ. ಗೋಡೆಯೂ ಹೊಡೆಯೋದಿಲ್ಲ, ಕುಡಿಯೋದಿಲ್ಲ. ಜೊತೆಗೆ ಹೋಗಲೋ ಬೇಡವೋ ಅಂತ ಲೆಕ್ಕ ಹಾಕುತ್ತಲೇ ನಿನ್ನೆ ಬೆಳಿಗ್ಗೆ ಟ್ರಂಕು ಖಾಲಿ ಮಾಡುತ್ತಿದ್ದೆ. ತಳದಲ್ಲಿ ನಮ್ಮ ಕಾಮಿಕ್ಸು ಸಿಕ್ಕಿತು, ಹನ್ನೆರಡೂ ಪುಸ್ತಕ, ನೀನು ದಾರ ಹಾಕಿ ಹೊಲಿದದ್ದು.

ಅದೇ ಕೈಗವಸಿನ ಯುವರಾಜನ ಕಥೆ. ಎರಡು ದೊಡ್ಡ ಮನೆತನದ ಹಿರಿಯರು ಸೇರಿ, ಮೊಹರಿನ ಉಂಗುರ ಒತ್ತಿ ಗೊತ್ತು ಮಾಡಿದ ಮದುವೆ. ಹುಡುಗಿ ಅವನ ಮುಖ ಕಂಡದ್ದೇ ಆ ಉಂಗುರ ತನ್ನ ಬೆರಳಿಗೇರಿದ ಮದುವೆ ದಿನ. ಊಟಕ್ಕೆ ಕೂತರೂ ಮಹಾರಾಯ ಬಿಳಿ ಕೈಗವಸು ಬಿಚ್ಚುತ್ತಿರಲಿಲ್ಲ. ಅಮ್ಮನ ಕಾಯಿಲೆ ಅಂತ ನನ್ನನ್ನು ಮೂರನೇ ಕ್ಲಾಸಿಗೇ ಬಿಡಿಸಿದ್ದರಲ್ಲ, ಕಲಿತ ಅಕ್ಷರವೂ ಮರೆತಿತ್ತು, ನಾನು ಚಿತ್ರ ನೋಡುತ್ತಿದ್ದೆ, ನೀನು ಗುಳ್ಳೆಯೊಳಗಿನ ಮಾತು ಓದುತ್ತಿದ್ದೆ. ಕೊನೇ ಪುಸ್ತಕ ಓದಿದ್ದು ಇವರ ಕಡೆಯವರು ನನ್ನನ್ನು ನೋಡಿಹೋದ ಮರುದಿನ. ಹುಡುಗ ಬಾಯೇ ಬಿಡಲಿಲ್ಲ, ನನಗೆ ಭಯ, ಒಲ್ಲೆ ಅಂತ ನಾನು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಕೊನೇ ಚಿತ್ರದಲ್ಲಿ ಹುಡುಗಿ ಸಾರೋಟಿನಲ್ಲಿ ಹೋಗುತ್ತಿದ್ದಾಳೆ, ಯುವರಾಜ ಮೆಟ್ಟಿಲ ಮೇಲೆ ಬರಿಗೈ ಎತ್ತಿ ನಿಂತಿದ್ದಾನೆ. ನೀನಂದೆ, "ತವರಿಗೆ ಹೋಗ್ತಿದ್ದಾಳೆ ಅಕ್ಕಾ, ನಾಳೆ ಬರ್ತಾಳೆ. ಮಾತಾಡದವರ ಪ್ರೀತಿ ಒಳಗೇ ಇರುತ್ತೆ, ಕಾಯಬೇಕು." ನಾನು ಎದ್ದು ಉಂಡು, ಅಪ್ಪನಿಗೆ ಹೂಂ ಅಂದೆ.

ನಿನ್ನೆ ನಾನೇ ಓದಿದೆ, ಗುಬ್ಬಿ. ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ಅವಳ ಪಕ್ಕ ಕೂತು ಅಕ್ಷರ ತಿದ್ದಿದವಳು ನಾನು, ಒತ್ತಕ್ಷರಕ್ಕೆ ಈಗಲೂ ಎಡವುತ್ತೇನೆ. ಆದರೆ ಆ ಕೊನೇ ಚಿತ್ರದ ಗುಳ್ಳೆಯಲ್ಲಿ ಇರೋದೇ ಮೂರು ಸಾಲು. "ನಿಮಗೆ ಬೇಕಾದದ್ದು ಹೆಂಡತಿಯಲ್ಲ, ಉಂಗುರ. ಮೇಜಿನ ಮೇಲೆ ಇಟ್ಟಿದ್ದೇನೆ. ನಾನು ಇನ್ನು ಬರುವುದಿಲ್ಲ."

ತವರೂ ಇಲ್ಲ, ನಾಳೆಯೂ ಇಲ್ಲ. ಗವಸು ಬಿಚ್ಚಿದ್ದು ನಿಜ, ಅವಳು ಗಾಡಿ ಹತ್ತಿದ ಮೇಲೆ. ಅವಳು ಹೋದಳು, ನಾನು ಹನ್ನೊಂದು ವರ್ಷ ಕಾದೆ. "ಆಗ ನಾನು ಚಿಕ್ಕವಳು" ಅಂತ ನೀನು ಅನ್ನಬೇಡ. ಹದಿನಾಲ್ಕಕ್ಕೆ ಚೆನ್ನಾಗಿ ಓದಲು ಬರುತ್ತೆ. ನಾನು ಉಪವಾಸ ಮಲಗಿದ್ದು ನೋಡಲಾರದೆ ಹಾಗಂದೆಯೋ, ಅಪ್ಪ ನಿನ್ನ ಮೇಲೆ ಕಣ್ಣು ಬಿಟ್ಟು ಹೇಳಿಸಿದರೋ, ನನಗೆ ಬೇಡ. ದಾರಿ ತೋರಿಸುತ್ತೀನಿ ಅಂತ ಕುರುಡಿಯ ಕೈ ಹಿಡಿದು ಬಾವಿಕಟ್ಟೆಗೆ ಬಿಟ್ಟೆಯಲ್ಲೇ. ಇದೇ ಸಿಟ್ಟಲ್ಲಿ ಇವತ್ತು ಆರು ಗಂಡಸರ ಶರ್ಟಿಗೆ ಹೆಂಗಸರ ಬದಿಯಲ್ಲಿ ಕಾಜಾ ಕತ್ತರಿಸಿಟ್ಟೆ. ಟೈಲರ್ ಯಜಮಾನ ಮಾಡಿದ ಮಂಗಳಾರತಿ ಬೀದಿಗೆಲ್ಲ ಕೇಳಿಸಿತು. ಅದರಲ್ಲಿ ಅರ್ಧ ನಿನಗೆ ಸೇರಬೇಕಾದದ್ದು.

ಹೊತ್ತಿಗೆ ಸರಿಯಾಗಿ ತಿನ್ನು, ಒದ್ದೆ ತಲೆಯಲ್ಲಿ ಮಲಗಬೇಡ. ಸಿಟ್ಟು ಇಳಿದಿಲ್ಲ. ಆಶೀರ್ವಾದ ಮಾತ್ರ ತಡೆದಿಡೋಕೆ ಬರಲ್ಲ, ಇಟ್ಟುಕೋ.

ನಿನ್ನ ಅಕ್ಕ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಇವರು ಊಟಕ್ಕೆ ಬಂದರು. ಆ ಕೊನೇ ಪುಟ ಗಟ್ಟಿಯಾಗಿ ಓದಿಬಿಟ್ಟೆ. ಎಂಜಲು ಕೈ ಒಣಗುವ ತನಕ ಕೂತು ಕೇಳಿದರು. ಆಮೇಲೆ "ಅವಳು ಎಲ್ಲಿಗೆ ಹೋದಳು?" ಅಂದರು. ಹನ್ನೊಂದು ವರ್ಷಕ್ಕೆ ಮೊದಲ ಪ್ರಶ್ನೆ. ಪುಸ್ತಕದಲ್ಲಿ ಅದಿಲ್ಲ. ತಂಗಿ ಮನೆಗೆ ಅಂದೆ. ಎದ್ದು, ಕೈ ತೊಳೆದು, ಅಟ್ಟದ ಮೇಲಿದ್ದ ನನ್ನ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಬಾಗಿಲ ಹತ್ತಿರ ಇಟ್ಟು ಕೆಲಸಕ್ಕೆ ಹೋದರು. ಬರುವ ವಾರ ಗುರುವಾರ ಸಂಜೆ ರೈಲಿಗೆ ನಾನೂ ಮಗಳೂ ಬರುತ್ತೇವೆ, ಚಿಲಕ ತೆಗೆದಿಡು. ಇವರು ಧೂಳು ಯಾಕೆ ಒರೆಸಿದರು ಅಂತ ನೀನು ಮಾತ್ರ ನನಗೆ ಅರ್ಥ ಹೇಳಬೇಡ.