ಹನ್ನೊಂದನೇ ಹಾಸಿಗೆಯ ಮೊದಲ ಇಂಜೆಕ್ಷನ್

ಆಸ್ಪತ್ರೆಗಳ ಗಣಕೀಕರಣದ ನಿರ್ದೇಶಕರಿಗೆ,

ಮಾನ್ಯರೇ, ನಾನು ಕೊಟ್ಟ ಇನ್ಸುಲಿನ್ ಇಂಜೆಕ್ಷನ್ ಕೊಟ್ಟೇ ಇಲ್ಲವೆಂದು ನಿಮ್ಮ ತನಿಖಾ ವರದಿ ಹೇಳುತ್ತದೆ. ಹನ್ನೊಂದನೇ ಹಾಸಿಗೆಯಲ್ಲಿದ್ದ ದರ್ಜಿಯೊಬ್ಬರು ಸತ್ತಿದ್ದಾರೆ. ನನಗಾದ ಶಿಕ್ಷೆ ಒಂದು ಎಚ್ಚರಿಕೆ ಪತ್ರ. ಇಷ್ಟು ಅಗ್ಗವಾಗಿ ಬಿಟ್ಟದ್ದಕ್ಕೇ ನನ್ನ ತಕರಾರು.

ಇಪ್ಪತ್ತಾರು ವರ್ಷ ಸೂಜಿ ಹಿಡಿದ ಕೈ ಇದು. ಹಸುಗೂಸಿನ ನರ ಹುಡುಕುವಾಗಲೂ ಗುರಿ ತಪ್ಪಿಲ್ಲ. ಈಗ ಮೌಸ್ ಮುಟ್ಟಿದರೆ ನಡುಗುತ್ತದೆ. ಹೌದು, ನನಗೆ ನಿಮ್ಮ ಕಂಪ್ಯೂಟರ್ ಕಂಡರೆ ಭಯ. ತಾವು ದಯಪಾಲಿಸಿದ ತರಬೇತಿ ಒಂದು ಮಧ್ಯಾಹ್ನದ್ದು, ಐವತ್ತು ಜನಕ್ಕೆ ನಾಲ್ಕು ಯಂತ್ರ. "ತಪ್ಪು ಒತ್ತಿದ್ರೆ ಏನಾಗತ್ತೆ?" ಎಂದು ಕೇಳಿದೆ. "ಎಲ್ಲಾ ನಿಮ್ಮ ಹೆಸರಲ್ಲೇ ದಾಖಲಾಗತ್ತೆ ಸಿಸ್ಟರ್," ಎಂದರು ತರಬೇತುದಾರರು, ನಗುನಗುತ್ತಾ. ಎಂಥ ಧೈರ್ಯ ತುಂಬುವ ಮಾತು!

ಏನು ನಮೂದಿಸಿದರೂ ಪರದೆ ಕೇಳುತ್ತದೆ: "ಖಚಿತವೇ?" ನಿಮ್ಮ ಕಚೇರಿಯಲ್ಲಿ ಈ ಪ್ರಶ್ನೆಗೆ ಯಾರಾದರೂ ಕುರ್ಚಿ ಬಿಟ್ಟು ಎದ್ದದ್ದುಂಟೇ? ನಾನು ಪ್ರತಿ ಸಲವೂ ಎದ್ದೆ. ಅಂದು ಊಟಕ್ಕೆ ಮುಂಚೆ ದರ್ಜಿಗೆ ಇನ್ಸುಲಿನ್ ಕೊಟ್ಟು ಬಂದು ನಮೂದಿಸಿ, ಆ ಪ್ರಶ್ನೆ ಕಂಡದ್ದೇ ಮತ್ತೆ ಹೋಗಿ ಬಾಟಲಿ, ಚೀಟಿ ಎಲ್ಲ ನೋಡಿದೆ. "ಏನ್ ಸಿಸ್ಟರ್, ಅಷ್ಟರಲ್ಲೇ ನಾನು ಬದಲಾಗ್ಬಿಟ್ನಾ?" ಎಂದು ಅವರು ನಕ್ಕರು. ಬರುವಷ್ಟರಲ್ಲಿ ಪರದೆ ತಾನಾಗಿ ಮುಚ್ಚಿಕೊಂಡಿತ್ತು. ಬರೆದದ್ದು ಉಳಿದಿದೆಯೇ ಎಂದು ಯಾರನ್ನಾದರೂ ಕೇಳಬೇಕಿತ್ತು. ಹಿಂದಿನ ವಾರ ಕೇಳಿದ್ದಕ್ಕೆ ಇಡೀ ವಾರ್ಡಿನ ಎದುರು ನಿಮ್ಮ ಕಂಪ್ಯೂಟರ್ ಸಿಬ್ಬಂದಿಯಿಂದ "ನಿಮ್ಮ ವಯಸ್ಸಿನವ್ರಿಗೆ ಹೇಳಿ ಹೇಳಿ ಸಾಕಾಯ್ತು" ಅನ್ನಿಸಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡು, ಪಾಳಿ ಮುಗಿಸಿ ಮನೆಗೆ ಹೋದೆ.

ಮುಂದಿನ ಪಾಳಿಯ ನರ್ಸ್‌ಗೆ ಪರದೆಯಲ್ಲಿ ಆ ಇನ್ಸುಲಿನ್ನಿನ ಖಾಲಿ ಚೌಕ ಕೆಂಪಗೆ ಮಿನುಗುವುದು ಕಂಡಿತು. ಖಾಲಿ ಬಿಟ್ಟರೆ ವಿವರಣೆ ಬರೆಯಬೇಕು, ಅವಳಿಗೂ ಭಯ. "ಆಗ್ಲೇ ಚುಚ್ಚಿದ್ರಲ್ಲ," ಎಂದರಂತೆ ದರ್ಜಿ. "ಕಂಪ್ಯೂಟರಲ್ಲಿ ಇಲ್ವಲ್ಲಪ್ಪಾ," ಎಂದು ಮತ್ತೊಮ್ಮೆ ಚುಚ್ಚಿದಳು. ಇದನ್ನು ಅವಳೇ ನನಗೆ ಅಳುತ್ತಾ ಹೇಳಿದ್ದು. ಎರಡು ಪಟ್ಟು ಇನ್ಸುಲಿನ್‌ಗೆ ರಕ್ತದ ಸಕ್ಕರೆ ಪೂರ್ತಿ ಇಳಿದು, ಸಂಜೆಯೊಳಗೆ ಅವರು ಹೋದರು.

ನಿಮ್ಮ ತನಿಖಾಧಿಕಾರಿ ಬಹಳ ಕರುಣಾಳು. "ಕೊಟ್ಟಿಲ್ಲ ಅಂತ ಸಹಿ ಹಾಕಿ ಸಿಸ್ಟರ್. ಕೊಟ್ಟೆ ಅಂದ್ರೆ ನಿಮ್ಗೂ ಕಷ್ಟ, ಮೇಲಿನವ್ರಿಗೂ ಕಷ್ಟ." ಹಾಕಿದೆ. ಅದಕ್ಕೆ ಕೈ ನಡುಗಲಿಲ್ಲ.

ಸರಿ, ಇಂಜೆಕ್ಷನ್ ಒಂದೇ ಆದರೆ ಸಾವಿಗೆ ಬೇರೆ ಕಾರಣ ಬೇಕಲ್ಲ? ವರದಿಯಲ್ಲಿ ಬರೆದಿರಿ: "ಆಹಾರ ಸೇವನೆಯಲ್ಲಿ ವಿಳಂಬ." ಊಟ ತರುತ್ತಿದ್ದವರು ಅವರ ಹೆಂಡತಿ. ಮೊನ್ನೆ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕೈ ಹಿಡಿದು ಕೇಳಿದರು: "ಬಸ್ ಸಿಗ್ಲಿಲ್ಲಮ್ಮಾ, ಹತ್ತೇ ನಿಮಿಷ ತಡ ಆಗಿದ್ದು. ಅಷ್ಟಕ್ಕೇ ಹೋಗ್ಬಿಟ್ರಾ?"

ನನ್ನ ಸಹಿ ಹಿಂದಕ್ಕೆ ಪಡೆಯುತ್ತಿದ್ದೇನೆ. ಎರಡು ಇಂಜೆಕ್ಷನ್ ಎಂದು ದಾಖಲಿಸಿ, ನನ್ನನ್ನು ಮನೆಗೆ ಕಳಿಸಿ, ಬೇಕಾದರೆ ಜೈಲಿಗೂ ಕಳಿಸಿ. ಆದರೆ ಮೊದಲು ಆಕೆಯ ಮನೆಗೆ ಹೋಗಿ, ಎದುರು ನಿಂತು ಹೇಳಿ: ಕೊಂದವರು ನಾವು, ನೀವಲ್ಲ.

ಇಂತಿ,
ಇದನ್ನು ಆ ಬಾಗಿಲಲ್ಲೇ ಹೇಳಲಾಗದೆ ಕೈ ಬಿಡಿಸಿಕೊಂಡು ಬಂದ ಹಿರಿಯ ನರ್ಸ್