ಭಂಡಾರದ ಗಂಟು ಬಿಚ್ಚುವ ಮೊದಲು

ಘೋಣಸಗಿ
ಗುರುವಾರ, ೧೪ ನವೆಂಬರ್ ೨೦೨೪

ಗೆಳೆಯ ಮಾಳುಗೆ,

ಅಮೋಘಿಯ ನಮಸ್ಕಾರ. ಇಲ್ಲಿ ನಾನು ಆರಾಮ ಎಂದು ಬರೆಯುವುದು ವಾಡಿಕೆ. ಆರಾಮ ಇಲ್ಲ, ಅದಕ್ಕೇ ಬರೆಯುವುದಿಲ್ಲ. ಪತ್ರ ತಡವಾಯಿತು, ಹೊಟ್ಟೆಗೆ ಹಾಕಿಕೋ. ಹದಿನಾಲ್ಕು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ನಾನು ಆಫ್ರಿಕಾದ ಕಿಸಂಗಾನಿಯಿಂದ ಊರಿಗೆ ಬಂದ ದಿನವೇ ನೀನು ಸಾರವಾಡದ ಸೋದರಮಾವನ ಮನೆಗೆ ಹೋದೆ. ಅಲ್ಲಿಗೆ ಹುಡುಕಿಕೊಂಡು ಹೋದರೆ ನೀನು ಆಗಲೇ ಮುಂಬಯಿ ಬಸ್ಸು ಹತ್ತಿದ್ದೆ. ಬೋರ್‌ವೆಲ್ ಕಂಪನಿಯವರು ನನ್ನನ್ನು ತೆಗೆದ ಜಾಗಕ್ಕೆ ನಿನ್ನನ್ನು ಕಳಿಸುತ್ತಿದ್ದಾರೆ ಎಂಬುದು ಊರಿಗೆಲ್ಲ ಗೊತ್ತು. ಅದಕ್ಕೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಭಾನುವಾರ ನೀನು ವಿಮಾನ ಹತ್ತುವವನು, ಅಲ್ಲಿ ಹೇಗಿರಬೇಕೆಂದು ನನ್ನನ್ನು ಬಿಟ್ಟರೆ ನಿನಗೆ ಹೇಳುವವರಿಲ್ಲ. ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ, ನಿಧಾನ ಓದು.

ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ. ಅಡಿಸ್ ಅಬಾಬಾದಲ್ಲಿ ವಿಮಾನ ಬದಲಾಗುತ್ತದೆ, ಕಿನ್ಶಾಸಾದಲ್ಲಿ ಮತ್ತೊಮ್ಮೆ. ಕಿನ್ಶಾಸಾದಲ್ಲಿ ಆ ಕಾರ್ಡು ಕೇಳುತ್ತಾರೆ. ನನ್ನದು ಚೀಲದ ತಳದಲ್ಲಿತ್ತು, ಎಲ್ಲರೆದುರು ಚಟ್ನಿ ಡಬ್ಬಿ, ಚಡ್ಡಿ ಎಲ್ಲ ಹೊರಗೆ ತೆಗೆಯಬೇಕಾಯಿತು. ಪಾಸ್‌ಪೋರ್ಟು ಏಜೆಂಟನ ಕೈಯಲ್ಲಿ ಬಿಡಬೇಡ. ಸೊಳ್ಳೆಪರದೆ ಒಯ್ಯಿ. ಅಲ್ಲಿ ಸಿಗುತ್ತದೆ ಎಂದು ಮ್ಯಾನೇಜರ್ ಚೇತನಕುಮಾರ ಹೇಳುತ್ತಾನೆ, ನನಗೂ ಹೇಳಿದ್ದ. ಸಿಕ್ಕದ್ದು ಎರಡನೆಯ ಮಲೇರಿಯಾ ಆದ ಮೇಲೆ.

ಕಿಸಂಗಾನಿ ದೊಡ್ಡ ಊರು, ಆದರೆ ಕಾಡಿನ ನಡುವೆ ಇದೆ. ರಸ್ತೆ ಇದ್ದೂ ಇಲ್ಲದಂತೆ. ಸಾಮಾನು ಬರುವುದು ನದಿಯ ಮೇಲೆ. ಡ್ರಿಲ್ಲಿನ ತುದಿಯ ಬಿಟ್ ಒಂದು ಮುರಿದರೆ ತಿಂಗಳು ಕಾಯಬೇಕು. ನದಿಯೋ, ಆಚೆ ದಡದ ಮನುಷ್ಯ ಇರುವೆಯಂತೆ ಕಾಣುತ್ತಾನೆ. ಅಷ್ಟು ನೀರಿದ್ದೂ ಕುಡಿಯಲು ಬೋರು ಕೊರೆಯಬೇಕು ಎಂಬುದು ನನಗೆ ಬಹಳ ದಿನ ತಿಳಿಯಲಿಲ್ಲ. ಆ ನೀರು ಕುಡಿದ ಮಕ್ಕಳನ್ನು ನೋಡಿದ ಮೇಲೆ ತಿಳಿಯಿತು.

ಫೋಟೋ ತೆಗೆಯಬೇಡ. ನಾನು ದೋಣಿಯ ಫೋಟೋ ತೆಗೆದೆ, ಹಿಂದೆ ಒಬ್ಬ ಸಿಪಾಯಿ ನಿಂತಿದ್ದ. ಫೋನು ಕಸಿದುಕೊಂಡು ನಾಲ್ಕು ತಾಸು ಬಿಸಿಲಲ್ಲಿ ಕೂರಿಸಿದರು. ನಮ್ಮ ಮೆಕ್ಯಾನಿಕ್ ಸೈಫುದ್ದೀನ, ವಿಜಯಪುರದವನು, ಆರು ವರ್ಷದಿಂದ ಅಲ್ಲೇ ಇದ್ದಾನೆ, ಅವರ ಸ್ವಾಹಿಲಿ ಮಾತು ಬರುತ್ತದೆ. ಅವನು ಬಂದು ಕೈಮುಗಿದು ಬಿಡಿಸಿದ. ದಾರಿಯುದ್ದಕ್ಕೂ ಬೈದ: “ಲೇ ಅಮೋಘಿ, ಗೋಲಗುಮ್ಮಟ ಅಂತ ತಿಳದಿಯೇನು, ಕಂಡಕಂಡಂಗ ಫೋಟೋ ಹೊಡ್ಯಾಕ?” ಸೈಫುದ್ದೀನನ ಮಾತು ಕೇಳು. ಬಾಯಿ ಹೊಲಸು, ಮನುಷ್ಯ ಚೊಕ್ಕ.

ಯಾರ ಹತ್ತಿರವೂ ನೇರವಾಗಿ ಕೆಲಸದ ಮಾತು ತೆಗೆಯಬೇಡ. ಮೊದಲ ದಿನ ನಾನು ಕಾವಲುಗಾರ ಮುದುಕನ ಮುಂದೆ ಹೋಗಿ ಕೈ ಸನ್ನೆ ಮಾಡಿ ಗೇಟಿನ ಕೀಲಿ ಕೇಳಿದೆ. ಅವನು ಮುಖ ತಿರುಗಿಸಿದ. ಕಿವುಡ ಎಂದುಕೊಂಡೆ. ಸೈಫುದ್ದೀನ ಅಂದ: “ಕಿವುಡ ಅಲ್ಲಲೇ, ನೀ ದನದಂಗ ನುಗ್ಗಿದಿ. ನಿಮ್ಮೂರಾಗ ‘ಊಟ ಆತೇನ್ರಿ’ ಅಂತ ಕೇಳೂದಿಲ್ಲೇನು?” ಅಲ್ಲಿ ‘ಜಾಂಬೋ’ ಎಂದು ಕೈ ಕುಲುಕಿ, ನಿದ್ದೆ ಬಂತೇ, ಮನೆಯವರು ಹೇಗಿದ್ದಾರೆ ಎಂದು ಕೇಳಬೇಕು. ಹಿರಿಯರಿಗೆ ಪಾಪಾ, ಮಾಮಾ ಅನ್ನಬೇಕು. ಮಾಮಾ ಎಂದರೆ ಅವ್ವ. ಫುಫು ಎಂಬ ಹಿಟ್ಟಿನ ಮುದ್ದೆಯನ್ನು ಬಲಗೈಯಿಂದ ಮುರಿದು ತಿನ್ನುತ್ತಾರೆ. ನಮ್ಮ ಸಂಗಟಿಯ ಹಾಗೆ, ರುಚಿ ಮಾತ್ರ ಇಲ್ಲ. ಹುರಿದ ಹುಳ ಕೊಟ್ಟರೆ ಬೇಡ ಅನ್ನು, ಮುಖ ಕಿವುಚಬೇಡ. ನಾನು ಕಿವುಚಿದ್ದೆ.

ಈಗ ಮುಖ್ಯ ಮಾತು. ನಿಮ್ಮವ್ವ, ನನ್ನ ಬೋರವ್ವ ಚಿಗವ್ವ, ನಿನಗಾಗಿ ರೊಟ್ಟಿ ಕಟ್ಟುತ್ತಿದ್ದಾಳೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅದರ ನಡುವೆ ಹಳದಿ ಅರಿವೆಯಲ್ಲಿ ನಮ್ಮ ದೇವರು ಅಮೋಘಸಿದ್ಧನ ಭಂಡಾರ, ಗುಡಿಯ ಅರಿಷಿಣ ಪುಡಿ. ಇಂಥದೇ ಗಂಟನ್ನು ನನ್ನವ್ವ ನನಗೂ ಕಟ್ಟಿದ್ದಳು. ಅದರಿಂದ ಆದದ್ದನ್ನು ಅಲ್ಲಿಂದಲೇ ಫೋನಿನಲ್ಲಿ ನಿನಗೊಬ್ಬನಿಗೆ ಹೇಳಿದ್ದೆ, ಅರ್ಧಕ್ಕೇ ಲೈನು ಕಡಿಯಿತು. ಪೂರ್ತಿ ಕೇಳು.

ನದಿಯಾಚೆ ಒಂದು ಹೆರಿಗೆ ಆಸ್ಪತ್ರೆ. ಅದರ ಅಂಗಳದಲ್ಲಿ ಇನ್ನೂರು ಅಡಿಗೆ ನೀರು ಹಾರಿತು. ಹೆಂಗಸರು ಹಳದಿ ಕ್ಯಾನು ಹಿಡಿದು ಬೆಳಗಿನಿಂದ ಕಾದಿದ್ದರು, ಹಾಡು ಎತ್ತಿದರು. ನನಗೆ ಮೈಮೇಲೆ ಎಚ್ಚರವಿರಲಿಲ್ಲ. ನಮ್ಮಲ್ಲಿ ಬೋರು ಬಿದ್ದಾಗ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಮಿಷಿನ್ನಿಗೆ ಭಂಡಾರ ಎರಚಿದೆ, ಹೆಂಗಸರ ತಲೆಯ ಮೇಲೆ ಎರಚಿದೆ, ಒಂದು ಹಿಡಿ ನೀರಿಗೂ ಹಾಕಿದೆ. ಹಾಡು ನಿಂತಿತು. ಕ್ಯಾನು ಅಲ್ಲೇ ಬಿಟ್ಟು ಓಡಿದರು. ಒಬ್ಬ ಮುದುಕಿ ಮಾತ್ರ ನಿಂತು, ಕೂದಲ ಮೇಲಿನ ಹಳದಿ ಒರೆಸಿಕೊಳ್ಳುತ್ತ ಏನೋ ಕೇಳಿದಳು. “ನಮ್ಮ ನೀರಾಗ ಏನ್ ಹಾಕಿದಿ ಅಂತ ಕೇಳಾಕತ್ತಾಳ” ಎಂದ ಸೈಫುದ್ದೀನ.

ಚೇತನಕುಮಾರ ನನ್ನ ಕಿವಿಯಲ್ಲಿ, “ನೀರು ಸ್ವಚ್ಛ ಮಾಡೋ ಔಷಧ ಅಂತ ಹೇಳಪಾ, ಮುಗೀತು” ಎಂದ. ನಾನು ಹೇಳಲಿಲ್ಲ. ನಮ್ಮ ದೇವರ ಅರಿಷಿಣ ಎಂದೆ. ಸೈಫುದ್ದೀನ ಹಾಗೇ ತಿರುಗಿಸಿ ಹೇಳಿದ. ಮುದುಕಿ ಮತ್ತೆ ಕೇಳಿದ್ದನ್ನು ನನಗೆ ತಿರುಗಿಸಿದ: “ನಿಮ್ಮ ದೇವರು ಇರ್ಲಿ. ನಮ್ಮನ್ನ ಕೇಳದ ಯಾಕ ಹಾಕಿದಿ?”

ಮಾಳು, ನೀನೇ ಹೇಳು. ಪರದೇಶದವನೊಬ್ಬ ಬಂದು ಘೋಣಸಗಿಯ ಬಾವಿಗೆ ಪುಡಿ ಹಾಕಿದ್ದರೆ ನಾವು ಅವನನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದೆವು. ಅವರು ನನ್ನ ಮೈ ಮುಟ್ಟಲಿಲ್ಲ. ಆ ನೀರನ್ನೂ ಮುಟ್ಟಲಿಲ್ಲ. ನಾನು ಹೊರಡುವವರೆಗೆ ಮೂರು ವಾರ ಆ ಬೋರಿನ ಮುಂದೆಯೇ ಹಾದು ನದಿಗೆ ಹೋಗಿ ನೀರು ಹೊತ್ತರು, ಬಸುರಿಯರೂ ಹೊತ್ತರು. ಪಂಪು ಕೂತಿತ್ತು, ಹಿಡಿಕೆಗೆ ಯಾರೂ ಕೈ ಹಾಕಲಿಲ್ಲ. ಅವರ ಹತ್ತಿರ ಹೋಗಿ ತಪ್ಪಾಯಿತು ಎನ್ನುತ್ತೇನೆ, ಹೋಗಲು ಬಿಡಿ ಎಂದು ಚೇತನಕುಮಾರನಿಗೆ ಎಷ್ಟು ಸಲ ಕೇಳಿದೆನೋ. “ನೀ ಖರೇ ಹೇಳಿದ್ದ ಸಾಕು, ಇನ್ನ ಮನಿಗಿ ನಡಿ” ಎಂದು ಟಿಕೆಟ್ ಕೈಗಿಟ್ಟ.

ಆದ್ದರಿಂದ ಚಿಗವ್ವ ಕೊಟ್ಟ ಭಂಡಾರವನ್ನು ನಿನ್ನ ಹಣೆಗೆ ಹಚ್ಚಿಕೋ, ಉಳಿದದ್ದು ಪೆಟ್ಟಿಗೆಯಲ್ಲಿರಲಿ. ಮಿಷಿನ್ನಿಗೆ ಬೇಡ. ನೀನು ಅಲ್ಲಿ ಇಳಿದ ವಾರದಲ್ಲೇ ಸೈಫುದ್ದೀನನನ್ನು ಕರೆದುಕೊಂಡು ನದಿ ದಾಟು. ಮುದುಕಿಗೆ ಮೊದಲು ಜಾಂಬೋ ಮಾಮಾ ಅನ್ನು, ಮನೆಯವರನ್ನು ವಿಚಾರಿಸು. ಆಮೇಲೆ, ಅರಿಷಿಣ ಹಾಕಿದವನು ಕೇಳದೆ ಹಾಕಿದ್ದಕ್ಕೆ ತಪ್ಪಾಯಿತು ಎಂದು ಹೇಳಿ ಕಳಿಸಿದ್ದಾನೆ ಅನ್ನು. ಅವಳೆದುರು ಆ ಪಂಪಿನ ನೀರನ್ನು ನೀನು ಕುಡಿ. ಅವಳು ಕುಡಿಯುತ್ತಾಳೋ ಇಲ್ಲವೋ, ನನಗೆ ಸುದ್ದಿ ಮುಟ್ಟಿಸು. ಬೇರೇನೂ ನಿನ್ನಿಂದ ಬೇಡ.

ನಿನ್ನ ತಂಗಿ ಸುಧಾರಾಣಿ ಈ ಪತ್ರವನ್ನು ರೊಟ್ಟಿಯ ನಡುವೆ ಸೇರಿಸುತ್ತೇನೆ ಎಂದಿದ್ದಾಳೆ. ಸಂಜೆಯ ಮುಂಬಯಿ ಬಸ್ಸಿಗೆ ಗಂಟು ಹೋಗುತ್ತದೆ. ನಾನೇ ಟಿಕೋಟಾ ಬಸ್ ಸ್ಟ್ಯಾಂಡಿಗೆ ಒಯ್ದು ಕೊಡುತ್ತೇನೆ ಎಂದು ಕೈ ಚಾಚಿದ್ದೆ. ಚಿಗವ್ವ, “ನೀ ಮುಟ್ಟಬ್ಯಾಡೋ ಯಪ್ಪಾ, ನಮ್ಮ ಹುಡುಗಿ ಒಯ್ತಾಳ” ಎಂದು ಗಂಟನ್ನು ತನ್ನ ಕಡೆ ಎಳೆದುಕೊಂಡಳು.

ನಿನಗೆ ಜ್ವರ ಬಾರದಿರಲಿ, ಕೊರೆದಲ್ಲೆಲ್ಲ ನೀರು ಬೀಳಲಿ. ಅಮೋಘಸಿದ್ಧ ನಿನ್ನ ಬೆನ್ನಿಗಿರಲಿ.

ಇಂತಿ,
ಅಮೋಘಿ

ತಾ.ಕ.: ನಾನು ಊರಿಗೆ ಬಂದ ಮರುದಿನ ಟಿಕೋಟಾ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸುಭಾಷ ಎಲ್ಲರ ಮುಂದೆ ಕೂಗಿದ: “ಏನಪಾ ಅಮೋಘಿ, ಆಫ್ರಿಕಾದಾಗ ಕಂಪನಿ ಡೀಸೆಲ್ ಕದ್ದು ಮಾರಿದೆಂತ? ನಮ್ಮ ಟ್ರ್ಯಾಕ್ಟರಿಗೂ ಎರಡ ಕ್ಯಾನ್ ತರಬೇಕಿಲ್ಲೋ!” ಎಲ್ಲರೂ ನಕ್ಕರು. ಯಾರು ಹೇಳಿದರು ಎಂದೆ. “ನಿನ್ನ ದೋಸ್ತ ಮಾಳೂನ ಹೇಳ್ಯಾನ” ಎಂದ. ನನ್ನ ಕೆಲಸ ಹೋದದ್ದಕ್ಕೆ ನೀನು ಆ ಸುಳ್ಳು ಕಾರಣ ಯಾಕೆ ಹೇಳಿದೆ ಎಂದು ನನಗೆ ತಿಳಿಯುತ್ತದೆ. ನಮ್ಮ ಭಂಡಾರಕ್ಕೆ ಹೆದರಿ ಓಡುವ ನಾಡು ಎಂದು ಗೊತ್ತಾದರೆ ಚಿಗವ್ವ ನಿನ್ನನ್ನು ಕಳಿಸುತ್ತಿರಲಿಲ್ಲ. ಅಲ್ಲಿ ಇಳಿದ ಮೇಲೆ ನೀನೇ ಅವಳಿಗೆ ಫೋನು ಮಾಡಿ ನಿಜ ಹೇಳು. ಅಲ್ಲಿಯವರೆಗೆ ನಾನಾಗಿ ಬಾಯಿ ಬಿಡುವುದಿಲ್ಲ. ಆದರೆ ಅವಳು ನನ್ನ ಮುಖ ನೋಡಿ “ಖರೇ ಏನೋ ಅಮೋಘಿ?” ಎಂದರೆ ಇದ್ದದ್ದನ್ನು ಹೇಳಿಬಿಡುತ್ತೇನೆ. ಆ ಒಂದು ಮಾತಿಗಾಗಿ ಹದಿನೈದು ದಿನದಿಂದ ದಿನಾ ನಿಮ್ಮ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೇನೆ. ಚಿಗವ್ವ ಒಮ್ಮೆಯೂ ಕೇಳಲಿಲ್ಲ.