ಕರಿ ಉಣ್ಣೆಯ ಹುರಿ

ತಾಳ್ಯ, ಹೊಳಲ್ಕೆರೆ ತಾಲ್ಲೂಕು
ಶುಕ್ರವಾರ, 16-1-2026

ನಮ್ಮ ನಿಂಗಕ್ಕನ ಮಗಳು ಚೈತ್ರವ್ವನಿಗೆ,

ನಿನ್ನ ಸೋದರಮಾವ ಈರಬಸಪ್ಪ ಅಷ್ಟು ದೂರದಿಂದಲೇ ನಿನ್ನ ತಲೆ ಮೇಲೆ ಕೈಯಿಟ್ಟು ಬರೆಯೋ ಕಾಗದ. ಹೆಂಗಿದೀಯವ್ವ? ಹಾಸ್ಟೆಲ್ ಊಟ ಸೇರುತ್ತೇನು? ಬಲಗೈ ಹೆಂಗೈತೆ? ಭುಜದಿಂದ ಮೇಲಕ್ಕೆ ಎತ್ತಕ್ಕೇ ಆಗಲ್ಲವಂತೆ, ನೀನು ಆಟ ಕಲಿಸೋ ಹುಡುಗಿಯರಿಗೆ ಎಡಗೈಲೇ ವಾಲಿಬಾಲ್ ಹೊಡೆದು ತೋರಿಸ್ತೀಯಂತೆ, ಡಾಕ್ಟರು ಮೂಳೆ ಸರಿ ಐತೆ, ನರ ಸರಿ ಐತೆ ಅಂದರಂತೆ. ಇದೆಲ್ಲ ನಿಮ್ಮವ್ವ ಹೇಳಿದ್ದು. ನಾನು ಫೋನ್ ಮಾಡಿದರೆ ನೀನು "ಆರಾಮಿದೀನಿ ಮಾವ" ಅಂತ ಎರಡು ಮಾತಿಗೆ ಇಟ್ಟುಬಿಡ್ತೀಯ. ಕಾಗದವನ್ನ ಹಂಗೆ ಇಡಕ್ಕೆ ಬರಲ್ಲ, ಅದಕ್ಕೇ ಪೆನ್ನು ಹಿಡಿದೆ. ಅಕ್ಷರ ನೋಡಿ ನಗಬೇಡ. ಏಳನೇ ಕ್ಲಾಸಿನಲ್ಲಿ ಕಾಪಿ ಬರವಣಿಗೆಗೆ ನಾನೇ ಫಸ್ಟು. ಕ್ಲಾಸಲ್ಲಿ ಇದ್ದೋರು ನಾಲ್ಕೇ ಜನ ಅನ್ನೋದು ಬೇರೆ ಮಾತು. ಕವರಿನೊಳಗೆ ಪೇಪರ್ ಸುತ್ತಿದ ಒಂದು ಸಣ್ಣ ಪೊಟ್ಟಣ ಐತೆ. ಕಾಗದ ಪೂರ್ತಿ ಓದೋವರೆಗೂ ಅದನ್ನ ಬಿಚ್ಚಬೇಡ.

ಇಲ್ಲಿ ಎಲ್ಲಾ ಒಂದು ನಮೂನೆ ನಡೀತಾ ಐತೆ. ನಿಂಗಕ್ಕನ ಮಂಡಿ ನೋವು ಅವರೆಕಾಯಿ ಸೊಗಡಿಗೆ ಅರ್ಧ ವಾಸಿಯಾಗೈತೆ. ಕುರಿ ಹನ್ನೊಂದು ಮರಿ ಹಾಕ್ಯಾವೆ, ಅದರಲ್ಲಿ ಒಂದಕ್ಕೆ ಹಣೆ ಮೇಲೆ ಬಿಳಿ ಚುಕ್ಕೆ. ನೀನು ಇದ್ದಿದ್ದರೆ ಅದಕ್ಕೊಂದು ಇಂಗ್ಲಿಷ್ ಹೆಸರು ಇಡ್ತಿದ್ದೆ. ನಮ್ಮ ಟಗರು ಗ್ರಾಮ ಪಂಚಾಯ್ತಿ ಮೆಂಬರನ್ನ ಹಿಂದಿನಿಂದ ಗುದ್ದಿ ಕೆಸರಿಗೆ ಕೆಡವಿತು. ಅದಕ್ಕೆ ಕಲಿಸಿದ್ದು ನಾನೇ ಅಂತ ಊರೆಲ್ಲ ಹೇಳ್ತಾರೆ, ನಾನೂ ಇಲ್ಲ ಅನ್ನಕ್ಕೆ ಹೋಗಿಲ್ಲ. ನಿಮ್ಮ ದೋಣಿ ಗುಂಪಿನ ಶಿವರಾಜ್ ಅವನ ಕಯಾಕ್ ದೋಣಿ ಮಾರಿಬಿಟ್ಟ. ಅದೇ ಗುಂಪಿನ ಅನುಷಾ ಮೊನ್ನೆ ಹೊಳಲ್ಕೆರೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದಳು. ಮಾತಾಡಿಸಿದೆ, ಆ ಹುಡುಗಿ ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು. ಯಾಕೆ ಅಂತ ಕೇಳಲಿಲ್ಲ, ಕೇಳಕ್ಕೆ ಧೈರ್ಯ ಬರಲಿಲ್ಲ.

ನೀನು ದೋಣಿ ನಡೆಸೋ ಕೋರ್ಸ್ ಮುಗಿಸಿ ಬಂದು ಗುಂಪು ಕರಕೊಂಡು ಹೋದ ಆ ಮೂರು ಸಲದ ಹೊಳೆ ಸುತ್ತಾಟ ನೆನಪೈತೇನವ್ವ? ನೀನು ಸಲಕ್ಕೊಂದು ಪಾಠ ಅಂತ ಡೈರಿಯಲ್ಲಿ ಬರೀತಿದ್ದೆ. ಮೊದಲನೇ ಸಲ ಹೊಸದುರ್ಗದ ಕಡೆ ಹಿನ್ನೀರು. ಸೌತೆಕಾಯಿ ಸೀಳಿ ಒಳಗಿನ ತಿರುಳು ತೆಗೆದಂಗಿದ್ದ ಆ ಬಣ್ಣದ ದೋಣಿಗಳನ್ನ ನೋಡಿ ನಾನು "ಇದರಲ್ಲಿ ಕೂರ್ತೀರೋ, ಉಪ್ಪು ಹಚ್ಚಿಕೊಂಡು ತಿಂತೀರೋ" ಅಂದಿದ್ದೆ. ಗುಂಪಲ್ಲಿದ್ದ ಲೈನ್‌ಮನ್ ಹನುಮಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವನ ನಗು ಹಂಗೇ, ಕರೆಂಟ್ ಕಂಬದ ಮೇಲೆ ನಕ್ಕರೆ ಕೆಳಗಿನ ಬೀದಿಗೆ ಕೇಳ್ತಿತ್ತು. ಅವತ್ತು ಗಾಳಿ ಎದ್ದು ಆರು ದೋಣಿ ಆರು ದಿಕ್ಕಾದವು, ಅನುಷಾ ಒಬ್ಬಳೇ ತೇಲಿ ಹೋಗಿ ಅಳ್ತಾ ಕುಂತಿದ್ದಳು. ಮುಂದೊಬ್ಬರು, ಹಿಂದೊಬ್ಬರು, ಯಾರೂ ಯಾರ ಕಣ್ಣಿಂದಲೂ ಮರೆಯಾಗಬಾರದು ಅಂತ ನೀನು ರೂಲ್ಸ್ ಮಾಡಿದೆ. "ಇದನ್ನ ಕಲಿಯಕ್ಕೆ ನಿಮಗೆ ಕೋರ್ಸ್ ಬೇಕಾಯ್ತೇನೇ? ನಮ್ಮಪ್ಪ ನನಗೆ ಆರು ವರ್ಷಕ್ಕೇ ಕುರಿ ಹಿಂದೆ ನಿಲ್ಲಿಸಿ ಕಲಿಸಿದ್ದು" ಅಂತ ನಾನು ಎದೆ ಉಬ್ಬಿಸಿದೆ. ಅವತ್ತಿನಿಂದಲೇ ನನಗೆ ಆ ಕೆಲಸ ಕೊಟ್ಟೆ ನೀನು. ದಡದ ಮೇಲೆ ನಡೀತಾ ಬರೋದು, ಬುತ್ತಿ ಹೊರೋದು, ಹಗ್ಗದ ಕೆಂಪು ಚೀಲ ಕಾಯೋದು. ವೇದಾವತಿಯನ್ನ ಮುನ್ನೂರು ಕುರಿ ಹೊಡಕೊಂಡು ದಾಟಿದೋನು ಅಂತ ನಾನು ದಿನಕ್ಕೆ ಹತ್ತು ಸಲ ಹೇಳ್ತಿದ್ದೆ. ಮುನ್ನೂರಲ್ಲ, ನೂರಾ ನಲವತ್ತು. ಈಗ ಹೇಳಿಬಿಡ್ತೀನಿ.

ಎರಡನೇ ಸಲ ಹೊಳೆಯಲ್ಲಿ ಶಿವರಾಜ್ ಬೋರಲು ಬಿದ್ದ. ನೀನು ಚೀಲದ ಬಾಯಿಂದ ಹಗ್ಗದ ತುದಿ ಹಿಡಕೊಂಡು ಚೀಲವನ್ನೇ ಎಸೆದೆ. ಅದು ಹಕ್ಕಿ ಹಾರಿದಂಗೆ ಹಾರಿ, ಹಗ್ಗ ತಾನಾಗೇ ಬಿಚ್ಚಿಕೊಳ್ತಾ ಹೋಗಿ, ಸೀದಾ ಅವನ ಎದೆ ಮೇಲೆ ಬಿತ್ತು. ನನ್ನ ಜೀವಮಾನದಲ್ಲಿ ಅಂಥ ಎಸೆತ ನಾನು ನೋಡಿಲ್ಲ, ಕವಣೆ ಬೀಸೋದರಲ್ಲಿ ಈ ಹೋಬಳಿಗೇ ಹೆಸರಾದ ನಾನೇ ಈ ಮಾತು ಹೇಳ್ತಾ ಇದೀನಿ. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹಗ್ಗವನ್ನ ಹಿಡಿ ಹಿಡಿಯಾಗಿ ಚೀಲಕ್ಕೆ ತುರುಕೋದು ತೋರಿಸಿದೆ. "ಸುತ್ತಬಾರದು, ಮಡಚಬಾರದು, ಕಟ್ಟಬಾರದು. ಗಜಿಬಿಜಿಯಾಗಿ ತುರುಕಿದರೇನೇ ಸರಾಗ ಬಿಚ್ಚಿಕೊಳ್ಳೋದು ಮಾವ" ಅಂದೆ. ನಾನು ನಕ್ಕೆ. ಇಂಥ ಶಿಸ್ತಿಲ್ಲದ ಕೆಲಸ ಕುರಿಹಟ್ಟಿಯಲ್ಲಿ ಮಾಡಿದರೆ ನಮ್ಮಪ್ಪ ಬೆನ್ನು ಮುರೀತಿದ್ದ ಅಂದೆ. ಹನುಮಂತರಾಜು "ಯಜಮಾನ್ರೇ, ನಿಮ್ಮ ಹಟ್ಟಿ ಕಾನೂನು ಹೊಳೆಗೆ ತರಬ್ಯಾಡ್ರಿ" ಅಂದ. ನನಗೆ ಸ್ವಲ್ಪ ಚುರುಕ್ ಅಂತು.

ಮೂರನೇ ಸಲದ್ದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೀತೀನಿ, ಒಳಗೇ ಇಟ್ಟುಕೊಂಡರೆ ಅದು ಬೆಳೀತಾ ಐತೆ. ದೀಪಾವಳಿ ಕಳೆದ ಭಾನುವಾರ, ಹಿರಿಯೂರಿನ ಕೆಳಗೆ, ಹೊಳೆ ದಡದುದ್ದಕ್ಕೂ ತುಂಬಿತ್ತು. ಆ ಹಳೇ ಚೆಕ್ ಡ್ಯಾಮ್ ಬರೋಕೆ ಮುಂಚೆಯೇ ಎಲ್ಲರೂ ದಡ ಹತ್ತಬೇಕು, ದೋಣಿ ಹೊತ್ತುಕೊಂಡು ಸುತ್ತಿ ಹೋಗಬೇಕು ಅಂತ ನೀನು ಬೆಳಗ್ಗೆಯೇ ಮೂರು ಸಲ ಹೇಳಿದ್ದೆ. ಎಲ್ಲರೂ ಹತ್ತಿದರು. ಕೊನೆಗೆ ಬಂದ ಹನುಮಂತರಾಜುನ ದೋಣಿ ದಡಕ್ಕೆ ಒಂದು ಮಾರು ಇರುವಾಗ ಸೆಳೆತಕ್ಕೆ ತಿರುಗಿ ಗೋಡೆ ಮೇಲಿಂದ ಕೆಳಗೆ ಬಿತ್ತು. ಗೋಡೆ ಏನು ಎತ್ತರ, ನನ್ನ ಸೊಂಟದಷ್ಟು. ಆದರೆ ಅಲ್ಲಿ ಬಿದ್ದ ನೀರು ಮುಂದಕ್ಕೆ ಹೋಗಲ್ಲ, ಉರುಳಿ ಮತ್ತೆ ಗೋಡೆ ಕಡೆಗೇ ಬರುತ್ತೆ, ಸಿಕ್ಕಿದ್ದನ್ನ ಬಿಡಲ್ಲ. ಅವನು ಮೂರು ಸಲ ಮೇಲೆ ಬಂದ. ಜಾಕೆಟ್ ಇತ್ತು, ಹೆಲ್ಮೆಟ್ ಇತ್ತು, ಮೂರು ಸಲವೂ ಕೈ ಎತ್ತಿದ. "ಮಾವ, ಚೀಲ!" ಅಂದೆ ನೀನು, ನಾನು ಕೊಟ್ಟೆ. ನೀನು ಎಸೆದೆ. ನಾಲ್ಕು ಮಾರು ಹೋಗಿ ಜಗ್ಗಿ ನಿಂತು ದೊಪ್ ಅಂತ ನೀರಿಗೆ ಬಿತ್ತು. ಎಳಕೊಂಡು ಮತ್ತೆ ಎಸೆದೆ. ಮತ್ತೆ ಅಷ್ಟೇ ದೂರ, ಮತ್ತೆ ದೊಪ್. ಅವನಿದ್ದಿದ್ದು ಆರು ಮಾರು ದೂರದಲ್ಲಿ. ಆಮೇಲೆ ಅವನು ಮೇಲೆ ಬರಲಿಲ್ಲ. ಭಯಕ್ಕೆ ಹುಡುಗಿ ಕೈ ಸೋತಿತು ಅಂತ ಎಲ್ಲರೂ ಅಂದರು. ಪೊಲೀಸರು ಹಗ್ಗ ಅಳೆದು, ಹತ್ತು ಮಾರು ಸರಿ ಐತೆ ಅಂತ ಬರಕೊಂಡರು. ನೀನೂ ಅದನ್ನೇ ನಂಬಿ, ಹೊಳೆ ಇಲ್ಲದ ಊರು ಬೇಕು ಅಂತ ಗದಗಕ್ಕೆ ಹೋದೆ.

ಆ ದೊಪ್ ಅನ್ನೋ ಸದ್ದು ಐತಲ್ಲ, ಅದು ನನ್ನ ಜೊತೆ ತಾಳ್ಯಕ್ಕೆ ಬಂದೈತೆ. ತೊಟ್ಟಿಗೆ ಕೊಡ ಇಳಿಸಿದರೆ ಅದೇ. ಮಟಮಟ ಮಧ್ಯಾಹ್ನ ತೆಂಗಿನಕಾಯಿ ಬಿದ್ದರೆ ಅದೇ, ಕೈಲಿದ್ದ ತುತ್ತು ಕೈಲೇ ಉಳಿಯುತ್ತೆ. ಕುರಿ ರೊಪ್ಪಕ್ಕೆ ಬಲೆ ಕಟ್ಟಕ್ಕೆ ಕುಂತರೆ ಬೆರಳು ಗಂಟು ಹಾಕಲ್ಲ ಅಂತವೆ. ಐವತ್ತು ವರ್ಷ ತಾವಾಗೇ ಗಂಟು ಹಾಕಿದ ಬೆರಳು ಇವು! ನಿಮ್ಮವ್ವನೇ ಈಗ ಬಲೆ ಕಟ್ಟೋದು, "ಏನಪ್ಪ, ಶೂರ, ಕೈಗೆ ಏನಾಯ್ತು?" ಅಂತ ಅಣಕಿಸ್ತಾಳೆ. ಬಲೆಯಾಚೆ ಯಾರೋ ನಿಂತು ಕೈ ಎತ್ತಿದಂಗೆ ಆಗುತ್ತೆ. ಹಾಡಹಗಲೇ ಕಣವ್ವ. ನೋಡಿದರೆ ಜಾಲಿ ಗಿಡ.

ಮೊನ್ನೆ ಸಂಕ್ರಾಂತಿ ದಿನ ಹಿರೇಗುಂಟನೂರಿಂದ ಏಕಾಂತಮ್ಮ ಬಂದಿದ್ದಳು. ಹನುಮಂತರಾಜುನ ತಾಯಿ. ಎರಡು ಬಸ್ ಬದಲಾಯಿಸಿಕೊಂಡು, ಟವೆಲ್‌ನಲ್ಲಿ ಎಳ್ಳು ಬೆಲ್ಲ ಕಟ್ಟಿಕೊಂಡು ಬಂದಿದ್ದಳು. ನಾನು ಹಿತ್ತಲ ಬಾಗಿಲಿಂದ ಹೋಗಿಬಿಡಾಣ ಅಂತಿದ್ದೆ, ಅಷ್ಟರಲ್ಲಿ ಅವಳು ಎದುರಿಗೇ ಬಂದು ಕುಂತಳು. ಅವಳು ನೀರೂ ಕುಡಿಯದೆ, "ನಿಮ್ಮ ಹುಡುಗಿ ಕೈ ಎತ್ತಲ್ಲವಂತಲ್ರಿ, ಅವಳಿಗೆ ಹೇಳ್ರಿ, ಅವಳ ಕೈ ತಪ್ಪಿದ್ದು ಬೇಕಂತಲ್ಲ. ನಾನು ಮನಸಲ್ಲಿ ಏನೂ ಇಟ್ಕಂಡಿಲ್ಲ, ಕ್ಷಮಿಸಿದೀನಿ ಅಂತ ಹೇಳ್ರಿ" ಅಂದಳು. ಎಳ್ಳು ನನ್ನ ಕೈಗೇ ಹಾಕಿದಳು. ನಾನು ತಿಂದೆ ಚೈತ್ರವ್ವ. ಅವಳ ಎದುರಿಗೇ ಕುಂತು ತಿಂದೆ.

ಸರಿ. ಬಸ್ಸಿನ ಹೊತ್ತಾಯ್ತು. ನಿಂಗಕ್ಕ ನಿನಗೆ ಹೊತ್ತಿಗೆ ಸರಿಯಾಗಿ ಉಣ್ಣು ಅಂತ ಹೇಳು ಅಂದಳು. ಟಗರಿನ ನಮಸ್ಕಾರ. ಹಣೆ ಚುಕ್ಕೆ ಮರಿಗೆ ಹೆಸರು ನೀನು ಕಳಿಸೋವರೆಗೂ ಇಡಲ್ಲ. ನಿನ್ನ ಕೈಗೆ ನೂರು ವರ್ಷ ಬಲ ಇರಲಿ.

ನಿನ್ನ ಮಾವ,
ಈರಬಸಪ್ಪ

ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಇಷ್ಟು ಬರೆದೂ ಬರೆಯಬೇಕಾದ್ದು ಬಿಟ್ಟಿದ್ದೆ. ಆ ಭಾನುವಾರದ ಹಿಂದಿನ ದಿನ, ಶನಿವಾರ ಸಂಜೆ, ಅಂಗಳದಲ್ಲಿ ಕುಂತು ಆ ಕೆಂಪು ಚೀಲದ ಹಗ್ಗ ಎಲ್ಲಾ ಹೊರಗೆ ಸುರಿದೆ. ಗಜಿಬಿಜಿ ನೋಡಿ ನನ್ನ ಕೈಗೆ ತಡೆಯಲಿಲ್ಲ. ಬಲೆ ಹಗ್ಗ ಸುತ್ತಿದಂಗೆ ಚಂದಾಗಿ ಸಿಂಬಿ ಸುತ್ತಿ, ತುದಿಯಲ್ಲಿ ನಾಲ್ಕು ಮಾರು ಮಾತ್ರ ಬಿಟ್ಟು, ನಾನೇ ಹೊಸೆದ ಕರಿ ಉಣ್ಣೆ ಹುರಿಯಿಂದ ಬಿಗಿದು ಕಟ್ಟಿ ಒಳಗಿಟ್ಟೆ. ಹನುಮಂತರಾಜು ನೋಡಿ ಬೇಷ್ ಅನ್ನಲಿ ಅಂತ. ಉಣ್ಣೆ ನೆನೆದರೆ ಗಂಟು ಕಲ್ಲಾಗುತ್ತೆ, ಅದು ನನಗೆ ಗೊತ್ತಿಲ್ಲದ್ದಲ್ಲ. ಎಲ್ಲರೂ ಅವನ ಹೆಸರು ಹಿಡಿದು ಕೂಗ್ತಾ ದಡದಲ್ಲಿ ಓಡ್ತಿದ್ದಾಗ ನಾನು ಬೇಲಿ ಮರೆಯಲ್ಲಿ ಕುಂತು ಚಾಕುವಿಂದ ಹುರಿ ಕುಯ್ದು, ಹಗ್ಗವನ್ನ ನೀನು ಕಲಿಸಿದಂಗೆ ಹಿಡಿ ಹಿಡಿಯಾಗಿ ತುರುಕಿದೆ. ಅನುಷಾ ನೋಡಿರಬೇಕು. ನಿನ್ನ ಕೈ ಸೋತಿರಲಿಲ್ಲ. ಹಗ್ಗ ಬಿಚ್ಚಿಕೊಂಡಿದ್ದರೆ ಅದು ಅವನ ಎದೆ ಮೇಲೇ ಬೀಳ್ತಿತ್ತು. ಪೊಟ್ಟಣದಲ್ಲಿ ಆ ಹುರಿಯ ಅರ್ಧ ಐತೆ, ಇನ್ನರ್ಧ ಗಂಟಿನ ಸಮೇತ ನನ್ನ ಜೇಬಲ್ಲಿ ಐತೆ. ಈಗ ಹತ್ತೋ ಬಸ್ಸು ಹಿರೇಗುಂಟನೂರಿಗೆ, ಏಕಾಂತಮ್ಮನ ಮನೆಗೆ. ಅಲ್ಲಿಂದ ಹಿರಿಯೂರು ಪೊಲೀಸ್ ಸ್ಟೇಷನ್. ಅವಳು ಕ್ಷಮಿಸಿದ್ದು ನಿನ್ನನ್ನ, ನನ್ನನ್ನಲ್ಲ. ಅದನ್ನ ವಾಪಸ್ ಕೊಟ್ಟು ಬರಬೇಕು. ನೀನು ಒಂದು ಕೆಲಸ ಮಾಡು. ಹಾಸ್ಟೆಲ್ ಮೈದಾನಕ್ಕೆ ಹೋಗಿ, ಒಂದು ಹಗ್ಗ ಚೀಲಕ್ಕೆ ತುರುಕಿ, ಬಲಗೈಲಿ ಎಸೆದು ನೋಡು.